ಎಪ್ಪತ್ನಾಲ್ಕು ಸೆಕೆಂಡು

ಫೆಬ್ರುವರಿಯ ಗುರುವಾರ. ಕೆಳಗೆ ಬಾನ್ ಊರಿನಲ್ಲಿ
ಹೆಂಗಸರು ಬೀದಿಗಿಳಿದು ಗಂಡಸರ ಟೈ ಕತ್ತರಿಸುವ ಹಬ್ಬ.
ಮೇಲೆ ಗುಡ್ಡದಲ್ಲಿ, ಬೋಳು ಸೇಬಿನ ಗಿಡಗಳಾಚೆ,
ಯಾರೋ ಆಡಿ ಮರೆತ ಚೆಂಡಿನಂಥ ಬಿಳಿ ಗುಮ್ಮಟ.
ಅದರೊಳಗೆ ಮನೆಯಷ್ಟಗಲದ ಬೋಗುಣಿ
ಎರಡೂ ನಲವತ್ತಕ್ಕೆ ಮೈಮುರಿದು
ದಕ್ಷಿಣದ ದಿಗಂತಕ್ಕೆ ಮುಖ ಮಾಡಿತು.

ಹೈಡ್ರುನ್ ಕುರ್ಚಿಯ ಎರಡೂ ತೋಳು ಹಿಡಿದು ಕೂತಿದ್ದಾಳೆ.
ಮೂರು ವಾರದ ರಜೆಯ ನಂತರ ಮೊದಲ ದಿನ.
ತುಂಬಿದ ಕೊಡ ತುಳುಕುವುದಿಲ್ಲ ಎಂದವರಿಗೆ
ಕಿವಿಯೊಳಗಿನ ನೀರಿನ ಸುದ್ದಿ ಗೊತ್ತಿರಲಿಲ್ಲ.

ಮೇಲಿರುವುದು ಹದಿನಾಲ್ಕು ವರ್ಷ ಕಡಲಿನ ಬಣ್ಣ ಅಳೆದು
ಒಂದು ಭಾನುವಾರ ಮಾತು ನಿಲ್ಲಿಸಿದ ಯಂತ್ರ.
ಅದನ್ನು ಹಿಡಿದಿಳಿಸಲು ಬೇರೊಂದು ಊರಲ್ಲಿ
ಲೋಹದ ಕೈ ಕಟ್ಟುತ್ತಿದ್ದಾರೆ. ಅವರದೊಂದೇ ಪ್ರಶ್ನೆ:
ಸುಮ್ಮನೆ ತೇಲುತ್ತಿದೆಯೋ, ಉರುಳುತ್ತಿದೆಯೋ?
ಉರುಳುವುದಕ್ಕೆ ಚಾಚಿದ ಕೈ
ಮುರಿಯುತ್ತದೆ, ಮುರಿದು ತಾನೂ ಉರುಳುತ್ತದೆ.

ಮೋಡ. ಕಣ್ಣಿನಿಂದ ಆಗುವ ಕೆಲಸವಲ್ಲ.
ಕೂಗಬೇಕು. ಬಡಿದು ಮರಳಿದ ಕೂಗಿನಲ್ಲಿ
ಎಷ್ಟು ಉಳಿದಿದೆಯೆಂದು ಎಣಿಸಬೇಕು.
ಅಗಲ ಬೆನ್ನು ಕೊಟ್ಟರೆ ದೊಡ್ಡ ಮರುದನಿ,
ಅಂಚು ಕೊಟ್ಟರೆ ಪಿಸುಮಾತು.
ಇತ್ತ ಬರುವ ಮಗ್ಗುಲು ಸ್ವರವನ್ನು ಕೂದಲೆಳೆ ಏರಿಸುತ್ತದೆ,
ಅತ್ತ ಸರಿಯುವ ಮಗ್ಗುಲು ಅಷ್ಟೇ ಇಳಿಸುತ್ತದೆ.

ಮಂಚದ ಅಂಚಿನಿಂದ ಅವಳ ತಲೆ ಇಳಿಬಿಟ್ಟು
ಡಾಕ್ಟರ್ ಓಲ್ಬ್ರಿಶ್ ಹೇಳಿದ್ದರು:
ಕಣ್ಣು ತೆರೆದಿಡಿ. ನಿಮ್ಮನ್ನು ಕೇಳುವುದಿಲ್ಲ,
ನಿಮ್ಮ ಕಣ್ಣನ್ನೇ ಕೇಳುತ್ತೇನೆ.
ಗೋಡೆ, ದೀಪ, ಡಾಕ್ಟರ ನರೆತ ಮೀಸೆ, ಎಲ್ಲ ಗಿರಗಿರ.
ಆಣೆ ಮಾಡಿ ಹೇಳಬಲ್ಲಳು, ತಿರುಗಿದ್ದು ಕೋಣೆ.
ಅವರು ನೋಡಿದ್ದು ಬೇರೆ: ಮೆಲ್ಲಗೆ ಜಾರುವ ಪಾಪೆ,
ತಟ್ಟನೆ ಮರಳುವ ಪಾಪೆ. ಮತ್ತೆ ಜಾರುವ, ಮತ್ತೆ.
ಸಾಸಿವೆಗಿಂತ ಸಣ್ಣ ಹರಳು, ಎಂದರು, ಜಾಗ ತಪ್ಪಿದೆ.

ತೆರೆಯ ಮೇಲೆ ಗೆರೆ ಎದ್ದಿತು, ಬಿದ್ದಿತು.
"ತಿರುಗ್ತಿದೆ!" ಎಂದ ಎಂಗಿನ್.
ತಡೆ, ಎಂದಳು. ಅದು ನಮ್ಮ ತಲೆ ಮೇಲೆ ಹಾದುಹೋಗ್ತಿದೆ.
ಬಸ್ಸಿನ ಕಿಟಕಿಯಿಂದ ನೋಡಿದರೆ
ಚರ್ಚೂ ಮೆಲ್ಲಗೆ ಮಗ್ಗುಲಾಗುತ್ತದೆ.
ಅಷ್ಟನ್ನು ಮೊದಲು ಕಳೆ.

ಕಳೆದರು.
ಕಳೆದ ಮೇಲೂ ಉಳಿಯಿತು: ಮೂವತ್ತೇಳು ಸೆಕೆಂಡಿಗೊಂದು ಶಿಖರ.
ಮೂವತ್ತೇಳೇ? ಹಾಗೆನ್ನಲೂ ಬಾರದು.
ಎರಡು ರೆಕ್ಕೆ ಅವಳಿಜವಳಿ. ಈಗ ಹೊಳೆದದ್ದು
ಅಕ್ಕನೋ ತಂಗಿಯೋ, ಕೂಗಿಗೆ ತಿಳಿಯದು.
ಅರ್ಧ ಸುತ್ತು, ಪೂರ್ತಿ ಸುತ್ತು, ಎರಡಕ್ಕೂ ಒಂದೇ ಮುಖ.

ಆಗ ಕಂಡಿತು. ಒಂದು ಬಿಟ್ಟು ಒಂದು ಶಿಖರದ ಬೆನ್ನಿಗೆ
ಒಂದು ಪುಟ್ಟ ಹಲ್ಲು.
ಒಂಬತ್ತನೆಯ ವರ್ಷ ಏನೋ ತಾಗಿ ಡೊಂಕಾದ ಕೋಲು,
ಆಗ ಅದಕ್ಕೊಂದು ದೂರು ಬರೆದು ಕಡತ ಮುಚ್ಚಿದ್ದರು.
ನೆಟ್ಟಗಿದ್ದಿದ್ದರೆ
ಅದರ ಸುತ್ತು ಅರ್ಧವಾಗಿಯೇ ನಮಗೆ ತಿಳಿದಿರುತ್ತಿತ್ತು.

ಹನ್ನೊಂದು ನಿಮಿಷ. ಬೋಗುಣಿ ಉತ್ತರದ ಕಡೆ ಬಗ್ಗಿ ನಿಂತಿತು.
ಹೈಡ್ರುನ್ ಟೈಪು ಮಾಡಿದಳು:
ಉರುಳುತ್ತಿದೆ. ಸುತ್ತಿಗೆ ಎಪ್ಪತ್ನಾಲ್ಕು ಸೆಕೆಂಡು.
ಹೋದ ಬೇಸಿಗೆಯಲ್ಲಿ ಎಪ್ಪತ್ತೊಂದಿತ್ತು, ನಿಧಾನವಾಗುತ್ತಿದೆ.
ಸದ್ಯ ಕೈ ಚಾಚಬೇಡಿ.

ಎಂಗಿನ್ ಹೊರಡುವಾಗ ಹಳೆಯ ಹಸಿರು ಟೈ ಕಟ್ಟಿಕೊಂಡ,
ಕತ್ತರಿಸಿಕೊಳ್ಳಲೆಂದೇ ತಂದದ್ದು.
ಬಸ್ ಸ್ಟಾಪಿನಲ್ಲಿ ಜೇನುಹುಳದ ವೇಷದ ಇಬ್ಬರು ಮುದುಕಿಯರು
ಅದನ್ನು ಎರಡು ತುಂಡು ಮಾಡಿ ಕೆನ್ನೆಗೆ ಮುತ್ತಿಟ್ಟರು.
ಒಬ್ಬಳು ಹೈಡ್ರುನಳ ಕೈ ಹಿಡಿದು ಕುಣಿಸಲು ನೋಡಿದಳು.
ಬೇಡ, ಎಂದಳು ಇವಳು, ಕಂಬ ಹಿಡಿದು ನಗುತ್ತ,
ಈ ವರ್ಷ ಬೇಡ.

ರಾತ್ರಿ ದಿಂಬು ತೆಗೆದು, ತಲೆ ಇಳಿಬಿಟ್ಟು, ಬಲಕ್ಕೆ ಹೊರಳಿಸಿ
ಮೂವತ್ತು ಎಣಿಸಿದಳು. ಎಡಕ್ಕೆ, ಮತ್ತೆ ಮೂವತ್ತು.
ದೀಪ ಒಮ್ಮೆ ಸರಿಯಿತು, ವಾಪಸು ಬಂತು, ನಿಂತಿತು.
ನಿಂತಿತೇ?
ದೀಪವನ್ನು ಕೇಳಿ ಪ್ರಯೋಜನವಿಲ್ಲ.
ಮೇಜಿನ ಮೇಲಿನ ಪುಟ್ಟ ಕನ್ನಡಿಗೆ ಕೈ ಚಾಚಿ
ತನ್ನ ಕಣ್ಣನ್ನೇ ನೋಡುತ್ತ ಮಲಗಿದಳು,
ಎಣಿಕೆ ಬಿಡದೆ.